ಹುಣಸೂರು ರಸ್ತೆಯಿಂದ ಚೆನ್ನೈನ ಓಟದ ಬೀದಿಗೆ

ಹುಣಸೂರಿನ ನಮ್ಮ ಮನೆಯಿಂದ ಹೆದ್ದಾರಿ ದೂರವಿಲ್ಲ. ಇಶಾ ನಮಾಝ್ ಮುಗಿದು ಊರು ಮಲಗಿದ ಮೇಲೆ ಅಲ್ಲಿ ಹೋಗುವ ಲಾರಿಗಳ ಸದ್ದು ಒಂದು ಬಗೆಯದಾದರೆ ಬೈಕುಗಳ ಸದ್ದು ಇನ್ನೊಂದು ಬಗೆಯದು. ಲಾರಿ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ. ಬೈಕು ಹೋಗಿ ಮತ್ತೆ ತಿರುಗಿ ಬರುತ್ತದೆ. ಹಾಗೆ ಹೋಗಿ ತಿರುಗಿ ಬರುತ್ತಿದೆಯೆಂದರೆ ಹುಡುಗರು ಪಂದ್ಯ ಕಟ್ಟಿದ್ದಾರೆಂದೇ ಅರ್ಥ. ಆಗ ಗಂಡುಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಎದ್ದು, ದೀಪ ಹಾಕದೆ, ಮಗನ ಹಾಸಿಗೆಯ ಕಡೆ ನೋಡುತ್ತಾರೆ.

2023ರ ಶಬೆ ಬರಾತ್ ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಹೋದವನು ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡ. ಆಗ ಅವನಿಗೆ ಹದಿನೇಳು ವರ್ಷ. ಖಬರಸ್ತಾನಕ್ಕೆ ಹೋಗಿ ದುಆ ಮಾಡಿ ಬರುತ್ತೇನೆಂದು ತಾಯಿಗೆ ಹೇಳಿ ಅಣ್ಣನ ಬೈಕಿನ ಕೀ ತೆಗೆದುಕೊಂಡಿದ್ದನಂತೆ. ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಒಬ್ಬ ಹಿರಿಯರು ಎದುರಿಗೆ ಸಿಕ್ಕಿದರು. ಅವರ ಕೈ ಮುರಿಯಿತು. ಅವರು ಯಾರೊಡನೆಯೂ ಪಂದ್ಯ ಕಟ್ಟಿದವರಲ್ಲ. ಹುಡುಗನ ಕಾಲಿನ ವಿಷಯ ಊರೆಲ್ಲ ಮಾತಾಡಿತು. ಆ ಕೈಯ ವಿಷಯ ಮಾತಾಡಿದವರು ಕಡಿಮೆ.

ಅವನು ಆರನೆಯ ತರಗತಿಯಲ್ಲಿದ್ದಾಗ ನೋಟುಪುಸ್ತಕದ ಹಿಂದಿನ ಪುಟದ ತುಂಬ ಬೈಕಿನ ಚಿತ್ರ ಬಿಡಿಸಿದ್ದ. ಆತುರ ಶೈತಾನನಿಂದ ಬಂದದ್ದು ಎಂಬ ಪಾಠ ಹೇಳಿ ನಾನು ಆ ಪುಟವನ್ನು ಹರಿಸಿ ಹಾಕಿದ್ದೆ. ಪಾಠ ಸರಿಯಾದದ್ದೇ. ಆದರೆ ಆ ಚಿತ್ರದಲ್ಲಿ ಚೈನು, ಸೈಲೆನ್ಸರು, ಕ್ಲಚ್ ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು ಎಂಬುದನ್ನು ನಾನು ಗಮನಿಸಿದ್ದೂ ನಿಜ, ಹೇಳದೆ ಹೋದದ್ದೂ ನಿಜ.

ಬೈಕಿನ ಹುಚ್ಚು ನಮ್ಮ ಕಡೆಗೆ ಹೊಸದಲ್ಲ, ಸಹೋದರಿಯರೇ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಇರಾನಿ ಎಂಬ ಪಾರ್ಸಿ ಮನೆತನದವರು ಜೆಕೊಸ್ಲೊವಾಕಿಯದ ಜಾವಾ ಕಂಪೆನಿಯ ತಂತ್ರಜ್ಞಾನ ತಂದು 1961ರಲ್ಲಿ ಇಲ್ಲಿ ಬೈಕು ತಯಾರಿಸಲು ತೊಡಗಿದರು. ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1973ರಿಂದ ಅದೇ ಬೈಕು ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗಲೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳವರು ಒಂದೆಡೆ ಸೇರುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರ ಮನೆಗಳ ಮುಂದೆ ಒಂದು ಕಾಲದಲ್ಲಿ ಈ ಬೈಕು ನಿಂತಿರುತ್ತಿತ್ತು. ಕಿಕ್ಕರನ್ನೇ ಗೇರಾಗಿ ಮಡಚಿಕೊಳ್ಳುವ ಅದರ ಚಮತ್ಕಾರ ನೋಡಲು ಮಕ್ಕಳು ಸುತ್ತ ಸೇರುತ್ತಿದ್ದೆವು.

ನಮ್ಮ ದೊಡ್ಡ ಮಾಮು ಜಾವಾ ಮೆಕ್ಯಾನಿಕ್. ಬೈಕು ಬೀದಿಯ ತುದಿಯಲ್ಲಿರುವಾಗಲೇ ಸದ್ದು ಕೇಳಿ ರೋಗ ಹೇಳುತ್ತಿದ್ದರು. ಮದರಾಸಿನ ಹತ್ತಿರ ಶೋಲಾವರಂ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದ ಒಂದು ವಿಮಾನ ಪಟ್ಟಿ ಇತ್ತು. ಅಲ್ಲಿ ವರ್ಷ ವರ್ಷ ಮೋಟಾರು ಪಂದ್ಯಗಳಾಗುತ್ತಿದ್ದವು. 1990ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟುಕೋಟೈಯಲ್ಲಿ ಹೊಸ ಟ್ರ್ಯಾಕು ಆಗುವ ತನಕ ದಕ್ಷಿಣದ ರೇಸಿಗೆ ಅದೇ ಮನೆ. ನಮ್ಮ ಮೈಸೂರಿನ ಬೈಕುಗಳೂ ಅಲ್ಲಿ ಓಡಿವೆ. ಮಾಮು ಗೆಳೆಯರೊಂದಿಗೆ ಒಮ್ಮೆ ಅಲ್ಲಿಗೆ ಹೋಗಿ ಬಂದಿದ್ದರು. ಯಾರು ಗೆದ್ದರೆಂದು ಅವರಿಗೆ ನೆನಪಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು, "ಅಲ್ಲಿ ಓಡಿಸುವವನಿಗೆ ಎದುರಿನಿಂದ ಯಾರೂ ಬರೋದಿಲ್ಲ ಬೇಟಿ."

ಈ ಮಾತು ನನಗೆ ಅರ್ಥವಾದದ್ದು 2024ರಲ್ಲಿ. ನನ್ನ ಅಣ್ಣನ ಸಂಸಾರ ಚೆನ್ನೈನ ತಿರುವಲ್ಲಿಕೇಣಿಯಲ್ಲಿದೆ. ಆರ್ಕಾಟಿನ ನವಾಬರ ಮನೆತನ 1795ರಲ್ಲಿ ಕಟ್ಟಿಸಿದ ವಾಲಾಜಾ ಮಸೀದಿ ಇರುವ ಮೊಹಲ್ಲಾ ಅದು. ಭಾಬಿಯ ಆರೋಗ್ಯ ನೋಡಿಕೊಳ್ಳಲೆಂದು ಆಗಸ್ಟ್ ಕೊನೆಯ ವಾರ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಅಣ್ಣನ ಮಗ ಹತ್ತನೆಯ ತರಗತಿ. ನಾನು ಚೀಲ ಕೆಳಗಿಡುವ ಮೊದಲೇ "ಫುಪ್ಪು, ನಮ್ಮ ಬೀದಿ ಪಕ್ಕದಲ್ಲೇ ಕಾರ್ ರೇಸು! ಅಬ್ಬಾ ಟಿಕೆಟ್ ತಂದಿದ್ದಾರೆ, ನೀವೂ ಬರಬೇಕು" ಎಂದ. ಇವನ ಕಣ್ಣಿನಲ್ಲೂ ನಾನು ನೋಟುಪುಸ್ತಕದ ಆ ಹಿಂದಿನ ಪುಟವನ್ನೇ ಕಂಡೆ. ಹೋಗದಿರಲು ಮನಸ್ಸಾಗಲಿಲ್ಲ.

ಊರ ನಡುವಿನ ಬೀದಿಗಳನ್ನೇ ಕೆಲವು ದಿನಗಳ ಮಟ್ಟಿಗೆ ಮುಚ್ಚಿ ಓಟದ ಹಾದಿ ಮಾಡುವುದನ್ನು ಸ್ಟ್ರೀಟ್ ಸರ್ಕ್ಯೂಟ್ ಎನ್ನುತ್ತಾರೆ. ಇದರ ಅಜ್ಜ ಮೊನಾಕೊ. ಸಮುದ್ರದ ದಂಡೆಯ ಆ ಪುಟ್ಟ ದೇಶದಲ್ಲಿ 1929ರ ಏಪ್ರಿಲ್ 14ರಂದು ಮೊದಲ ಓಟ ನಡೆಯಿತು. ಈಗ ಅದರ ಸುತ್ತಳತೆ 3.337 ಕಿಲೋಮೀಟರು. ಅಂಥ 78 ಸುತ್ತುಗಳು. 1997ರಿಂದ ಹಳೆಯ ಕಾಲದ ಕಾರುಗಳಿಗಾಗಿಯೇ ಅದೇ ಬೀದಿಗಳಲ್ಲಿ ಬೇರೆ ಓಟವೂ ಇದೆ. ನಮ್ಮ ದೇಶದಲ್ಲಿ 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಓಟವಾಗಿತ್ತು. ಬೆಂಗಳೂರಿನಲ್ಲಿ ಪಂದ್ಯವಲ್ಲದಿದ್ದರೂ 2011ರ ಸೆಪ್ಟೆಂಬರ್‌ನಲ್ಲಿ ನೈಸ್ ರಸ್ತೆಯನ್ನು ಮುಚ್ಚಿ ಲೂಯಿಸ್ ಹ್ಯಾಮಿಲ್ಟನ್ ತಮ್ಮ ಕಾರು ಓಡಿಸಿ ತೋರಿಸಿದ್ದರು. ಉಮ್ರಾಕ್ಕೆ ಹೋಗುವ ನಮ್ಮವರು ಬಂದಿಳಿಯುವ ಜಿದ್ದಾದಲ್ಲೂ 2021ರ ಡಿಸೆಂಬರ್‌ನಲ್ಲಿ ಕೆಂಪು ಸಮುದ್ರದ ದಂಡೆಯ ಬೀದಿಯಲ್ಲಿ ರಾತ್ರಿ ಓಟ ಮೊದಲಾಯಿತು. 2018ರ ಜೂನ್ ತನಕ ಹೆಣ್ಣುಮಕ್ಕಳು ಕಾರು ಓಡಿಸುವಂತಿರದಿದ್ದ ಆ ದೇಶದಿಂದ ರೀಮಾ ಜುಫಾಲಿ ಎಂಬ ಯುವತಿ 2019ರಲ್ಲಿ ಬ್ರಿಟನ್ನಿನ ಪಂದ್ಯದಲ್ಲಿ ಓಡಿದ್ದನ್ನು ಓದಿ ನಾನು ಆಶ್ಚರ್ಯಪಟ್ಟಿದ್ದೆ.

ಚೆನ್ನೈನ ಹಾದಿ 3.5 ಕಿಲೋಮೀಟರಿನದು, 19 ತಿರುವುಗಳು. ಕೂವಂ ನದಿ ಬಳಸಿ ಹರಿಯುವ ಐಲ್ಯಾಂಡ್ ಗ್ರೌಂಡ್ಸ್ ಮೈದಾನದ ಸುತ್ತ, ಅಣ್ಣಾ ಸಾಲೈ, ಶಿವಾನಂದ ಸಾಲೈ, ನೇಪಿಯರ್ ಸೇತುವೆ ಇವೆಲ್ಲ ಅದರಲ್ಲಿ ಸೇರಿವೆ. ಓಟ 2023ರ ಡಿಸೆಂಬರ್ 9 ಮತ್ತು 10ರಂದು ಆಗಬೇಕಿತ್ತು. ಮಿಚಾಂಗ್ ಚಂಡಮಾರುತದ ಮಳೆಗೆ ನಗರವೇ ಮುಳುಗಿದಾಗ ಮುಂದಕ್ಕೆ ಹೋಯಿತು. ಊರ ಬೀದಿಯಲ್ಲಿ ಇದೆಲ್ಲ ಬೇಕೇ ಎಂದು ಮದ್ರಾಸ್ ಹೈಕೋರ್ಟಿನಲ್ಲಿ ಮೊಕದ್ದಮೆಗಳೂ ಆದವು. 2024ರ ಫೆಬ್ರವರಿಯಲ್ಲಿ ಷರತ್ತುಗಳೊಂದಿಗೆ ಅನುಮತಿ ಸಿಕ್ಕಿ ಆಗಸ್ಟ್ 31, ಸೆಪ್ಟೆಂಬರ್ 1ಕ್ಕೆ ದಿನ ನಿಗದಿಯಾಯಿತು.

ಶನಿವಾರ ನಡೆದದ್ದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು. ಮೋಟಾರು ಪಂದ್ಯಗಳ ವಿಶ್ವಸಂಸ್ಥೆ ಎನ್ನಬಹುದಾದ ಎಫ್‌ಐಎ 1904ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ್ದು. ಹಾದಿ ಸುರಕ್ಷಿತವಾಗಿದೆಯೆಂದು ಅದು ಪ್ರಮಾಣಪತ್ರ ಕೊಡದೆ ಒಂದು ಕಾರೂ ಹೊರಡಕೂಡದೆಂದು ಕೋರ್ಟು ಹೇಳಿತ್ತು. ಪತ್ರ ಬರುವುದು ತಡವಾಯಿತು. ಮಳೆಯೂ ಕಾಡಿತ್ತು. ಕಾರುಗಳು ಸಿದ್ಧ, ಓಡಿಸುವವರು ಸಿದ್ಧ, ಟಿಕೆಟು ಕೊಂಡ ಜನ ಕಾಯುತ್ತಿದ್ದಾರೆ, ಸರಕಾರವೇ ಮುಂದೆ ನಿಂತು ನಡೆಸುತ್ತಿರುವ ಉತ್ಸವ. ಆದರೂ ಒಂದು ಕಾಗದ ಬಂದಿಲ್ಲವೆಂದು ಎಲ್ಲವೂ ನಿಂತಿತ್ತು. ಕತ್ತಲಾಗುವ ಹೊತ್ತಿಗೆ ಅನುಮತಿ ಸಿಕ್ಕಿತು. ಅಣ್ಣನ ಮಗ ಮನೆಯಲ್ಲಿ ಫೋನು ಹಿಡಿದು ಚಡಪಡಿಸುತ್ತಿದ್ದ. ನನಗೆ ಆ ಕಾಯುವಿಕೆಯೇ ಇಡೀ ಓಟದಲ್ಲಿ ಬಹಳ ಇಷ್ಟವಾದ ಭಾಗ ಎಂದರೆ ಅವನು ನಕ್ಕಾನು.

ಭಾನುವಾರ ಮಗ್ರಿಬ್ ಮುಗಿಸಿ ಹೊರಟೆವು. ವಾಹನಗಳ ಹಾದಿ ಬದಲಾಯಿಸಿದ್ದರಿಂದ ನಡೆದೇ ಹೋದೆವು. ದೂರದಿಂದಲೇ ಹಗಲಿನಂಥ ಬೆಳಕು. ಮೊದಲು ಕಿವಿಗೆ ಬಂದದ್ದು ಸಾವಿರ ದುಂಬಿಗಳು ಒಮ್ಮೆಲೇ ಗುಂಯ್‌ಗುಟ್ಟಿದಂಥ ಸದ್ದು. ಹತ್ತಿರವಾದಂತೆ ಅದು ಎದೆಯೊಳಗೆ ಕೇಳತೊಡಗಿತು. ಕುಳಿತಲ್ಲಿಂದ ನಮಗೆ ಕಂಡದ್ದು ಒಂದೇ ತಿರುವು. ಕಾರು ಬಂತು ಎನ್ನುವಷ್ಟರಲ್ಲಿ ಹೋಗಿರುತ್ತಿತ್ತು, ಬಣ್ಣವೊಂದೇ ಕಣ್ಣಿನಲ್ಲಿ ಉಳಿಯುತ್ತಿತ್ತು. ಯಾರು ಮುಂದೆ, ಯಾರು ಹಿಂದೆ ನನಗೆ ತಿಳಿಯಲಿಲ್ಲ. ಕೊನೆಗೆ ಕಾರುಗಳನ್ನು ಬಿಟ್ಟು ಅವುಗಳ ಸುತ್ತಲಿನದನ್ನು ನೋಡತೊಡಗಿದೆ.

ಹಾದಿಯ ಎರಡೂ ಬದಿಗೆ ಸೊಂಟದೆತ್ತರದ ಕಾಂಕ್ರೀಟು ಗೋಡೆ. ಅದರ ಮೇಲೆ ನಮ್ಮ ತಲೆಗಿಂತ ಎತ್ತರದ ದಪ್ಪ ಕಬ್ಬಿಣದ ಜಾಲರಿ. ಬಾವುಟ ಹಿಡಿದು ನಿಂತವರು. ಅವರು ಕಾರುಗಳ ಅಂದ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು. ಹಳದಿ ಬಾವುಟವೆಂದರೆ ಮುಂದೆ ಅಪಾಯ, ನಿಧಾನ, ಯಾರೂ ಯಾರನ್ನೂ ಹಿಂದೆ ಹಾಕಕೂಡದು. ಕೆಂಪೆಂದರೆ ಓಟವೇ ನಿಂತಿತು. ಮೊದಲ ಸ್ಥಾನದಲ್ಲಿರುವವನೂ ನಿಲ್ಲಬೇಕು. 2011ರ ಅಕ್ಟೋಬರ್‌ನಲ್ಲಿ ದಿಲ್ಲಿಯ ಹತ್ತಿರದ ಬುದ್ಧ್ ಸರ್ಕ್ಯೂಟಿನಲ್ಲಿ ದೇಶದ ಮೊದಲ ಫಾರ್ಮುಲಾ 1ರ ಅಭ್ಯಾಸದ ದಿನ ಒಂದು ನಾಯಿ ಒಳಗೆ ಬಂತೆಂದು ಜಗತ್ತಿನ ದೊಡ್ಡ ದೊಡ್ಡ ಚಾಲಕರನ್ನೆಲ್ಲ ನಿಲ್ಲಿಸಿಬಿಟ್ಟಿದ್ದರು. ನಮ್ಮ ಹುಣಸೂರು ರಸ್ತೆಯಲ್ಲಿ ನಾಯಿಗಾಗಿ ಯಾರು ನಿಲ್ಲುತ್ತಾರೆ?

"ಫುಪ್ಪು, ಇದರಲ್ಲಿ ಹದಿನೈದು ವರ್ಷಕ್ಕೇ ಓಡಿಸಬಹುದು, ಗೊತ್ತಾ? ನನಗೂ ಹದಿನೈದು" ಎಂದ ಹುಡುಗ. ಅದು ನಿಜ. ಫಾರ್ಮುಲಾ 4ಕ್ಕೆ ಕನಿಷ್ಠ ವಯಸ್ಸು ಹದಿನೈದು. ಆ ಕಾರು ಗಂಟೆಗೆ ಇನ್ನೂರು ಕಿಲೋಮೀಟರು ಮೀರುತ್ತದೆ. ಅದೇ ಹುಡುಗ ಗೇಟಿನ ಹೊರಗೆ ಬಂದು ಗೇರಿರುವ ಬೈಕು ಮುಟ್ಟಿದರೆ ಅಪರಾಧ, ಹದಿನೆಂಟಾಗಬೇಕು. ನಾನು ಉತ್ತರ ಹುಡುಕುವ ಮೊದಲೇ ಅಣ್ಣ ಹೇಳಿದರು, "ಅವರಿಗೆ ಲೈಸೆನ್ಸು ಕೊಡುವ ಮೊದಲು ಪರೀಕ್ಷೆ ಮಾಡ್ತಾರೆ. ಬೆಂಕಿ ತಗಲದ ಬಟ್ಟೆ ನೋಡು, ತಲೆಯ ಮೇಲೆ ಆ ಕಬ್ಬಿಣದ ಬಳೆ ನೋಡು. ನಿನ್ನ ಗೆಳೆಯರಿಗೆ ಹೆಲ್ಮೆಟ್ಟೂ ಭಾರ." ಆ ಬಳೆಗೆ ಹ್ಯಾಲೊ ಎಂದು ಹೆಸರು. 2018ರಲ್ಲಿ ಫಾರ್ಮುಲಾ 1ಕ್ಕೆ ಅದು ಬಂದಾಗ ಕಾರಿನ ಅಂದ ಕೆಟ್ಟಿತೆಂದು ಗೊಣಗಿದವರೇ ಹೆಚ್ಚು. 2020ರ ನವೆಂಬರ್‌ನಲ್ಲಿ ಬಹರೈನಿನಲ್ಲಿ ರೊಮೈನ್ ಗ್ರೋಜಾನ್ ಎಂಬ ಚಾಲಕನ ಕಾರು ತಡೆಬೇಲಿ ಸೀಳಿ ಉರಿದುಹೋದಾಗ ಅವನು ಬೆಂಕಿಯೊಳಗಿಂದ ಎದ್ದು ಹೊರಬಂದ. ಆಮೇಲೆ ಗೊಣಗು ನಿಂತಿತು.

ಈ ಗೋಡೆ, ಜಾಲರಿ, ಬಾವುಟ ಯಾವುದೂ ಸುಮ್ಮನೆ ಬಂದದ್ದಲ್ಲ. ಇಟಲಿಯಲ್ಲಿ ಮಿಲ್ಲೆ ಮಿಲಿಯಾ ಎಂಬ ಹೆಸರಾಂತ ಓಟವೊಂದಿತ್ತು. ಬ್ರೆಷಾ ಪಟ್ಟಣದಿಂದ ರೋಮ್‌ಗೆ ಹೋಗಿ ಮತ್ತೆ ಬ್ರೆಷಾಗೆ, ಸಾವಿರ ಮೈಲಿ, ಎಲ್ಲ ಜನರ ರಸ್ತೆಯಲ್ಲೇ. ರಸ್ತೆಯ ಅಂಚಿನಲ್ಲಿ ಜನ ಸಾಲಾಗಿ ನಿಂತು ನೋಡುತ್ತಿದ್ದರು. 1957ರ ಮೇ ತಿಂಗಳಲ್ಲಿ ಗುಯಿದಿಜ್ಜೊಲೊ ಎಂಬ ಊರಿನ ಹತ್ತಿರ ಒಂದು ಕಾರಿನ ಟೈರು ಸಿಡಿದು ಜನರ ನಡುವೆ ನುಗ್ಗಿತು. ಕಾರಿನ ಇಬ್ಬರೊಂದಿಗೆ ನೋಡಲು ಬಂದಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ಓಟ ಅಲ್ಲಿಗೇ ಮುಗಿಯಿತು. ಈಗ ಅದೇ ಹೆಸರಿನಲ್ಲಿ ನಡೆಯುವುದು ಹಳೆಯ ಕಾರುಗಳ ಸಮಯಪಾಲನೆಯ ಸವಾರಿ, ವೇಗದ ಪಂದ್ಯವಲ್ಲ. ಮೊನಾಕೊದಲ್ಲಿ 1967ರಲ್ಲಿ ಲೊರೆಂಜೊ ಬಂದಿನಿ ಎಂಬ ಚಾಲಕನ ಕಾರು ಮಗುಚಿದಾಗ ಅಡ್ಡ ಇಟ್ಟಿದ್ದ ಹುಲ್ಲಿನ ಪಿಂಡಿಗಳಿಗೇ ಬೆಂಕಿ ಹತ್ತಿತು. ಅವನು ಬದುಕಲಿಲ್ಲ. ಹುಲ್ಲಿನ ಪಿಂಡಿ ಹೋಗಿ ಕಬ್ಬಿಣದ ತಡೆ ಬಂತು. ಹೀಗೆ ಒಂದೊಂದು ಬೇಲಿಯ ಹಿಂದೆಯೂ ಯಾವುದೋ ಮನೆಯ ಅಳು ಇದೆ. ಅವರು ಅತ್ತು ಸುಮ್ಮನಾಗಲಿಲ್ಲ, ಬೇಲಿ ಕಟ್ಟಿದರು. ನಾವು ಅಳುತ್ತೇವೆ, ತಕ್ದೀರ್ ಎನ್ನುತ್ತೇವೆ, ಮುಂದಿನ ಶಬೆ ಬರಾತ್‌ಗೆ ಮತ್ತೆ ಕೀ ಕೊಡುತ್ತೇವೆ.

ಅಲ್ಲಿ ಕುಳಿತಿದ್ದಾಗ ಮದ್ರಸದಲ್ಲಿ ಓದಿದ್ದ ಒಂದು ಹದೀಸ್ ನೆನಪಾಯಿತು. ಬುಖಾರಿಯಲ್ಲಿ ಇದೆ. ಹ. ಅಬ್ದುಲ್ಲಾ ಬಿನ್ ಉಮರ್(ರ) ಹೇಳಿದ್ದು. ಪ್ರವಾದಿ(ಸ) ಮದೀನದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದರು. ಓಟಕ್ಕೆಂದು ಪಳಗಿಸಿ ಸಿದ್ಧಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾ ತನಕ, ಐದಾರು ಮೈಲಿ. ಹಾಗೆ ಸಿದ್ಧಗೊಳಿಸದ ಕುದುರೆಗಳಿಗೆ ಸನಿಯ್ಯಾದಿಂದ ಬನೂ ಝುರೈಕ್‌ರ ಮಸೀದಿ ತನಕ, ಒಂದೇ ಮೈಲಿ. ಸ್ವತಃ ಇಬ್ನು ಉಮರ್(ರ) ಓಡಿಸಿದವರಲ್ಲಿ ಒಬ್ಬರು. ಮದ್ರಸದಲ್ಲಿ ಇದನ್ನು ಜಿಹಾದ್ ಅಧ್ಯಾಯದ ಒಂದು ಪಾಠವಾಗಿ ಕಂಠಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಆ ಗೋಡೆಗಳ ನಡುವಿನ ಹಾದಿಯನ್ನು ನೋಡಿದಾಗ ಮಾತ್ರ ಅದರೊಳಗಿನ ವ್ಯವಸ್ಥೆ ಕಂಡಿತು. ಎಲ್ಲಿಂದ ಎಂದು ಗೊತ್ತು, ಎಲ್ಲಿಯ ತನಕ ಎಂದು ಗೊತ್ತು. ಪಳಗಿದ್ದಕ್ಕೆ ಒಂದು ದೂರ, ಪಳಗದ್ದಕ್ಕೆ ಇನ್ನೊಂದು ದೂರ. ಯುವಕರಿಗೆ ಓಡಿಸಬೇಡಿ ಎನ್ನಲಿಲ್ಲ, ಹಾದಿ ಅಳೆದು ಕೊಟ್ಟರು. ಹ. ಆಯಿಶಾ(ರ) ಅವರೊಂದಿಗೆ ಪ್ರವಾದಿ(ಸ) ಓಟದ ಪಂದ್ಯ ಮಾಡಿದ ಪ್ರಸಂಗ ನಮ್ಮ ಸಹೋದರಿಯರಿಗೆಲ್ಲ ಗೊತ್ತು. ಅಂದೂ ಜೊತೆಯ ಪ್ರಯಾಣಿಕರನ್ನು ಮೊದಲು ಮುಂದಕ್ಕೆ ಕಳುಹಿಸಿದ್ದರೆಂದು ವರದಿಯಿದೆ.

ಹಾಗೆಂದು ಚೆನ್ನೈಯಲ್ಲಿ ಕಂಡದ್ದೆಲ್ಲ ನನಗೆ ಒಪ್ಪಿಗೆ ಎಂದುಕೊಳ್ಳಬೇಡಿ. ಓಟದ ಹಾದಿಗೆ ತಾಗಿದಂತೆಯೇ ಓಮಂದೂರಾರ್ ಎಸ್ಟೇಟಿನ ದೊಡ್ಡ ಸರಕಾರಿ ಆಸ್ಪತ್ರೆ ಇದೆ. ಅಲ್ಲಿ ಮಲಗಿದವರ ಕಿವಿಗೂ ಆ ದುಂಬಿಗಳ ಸದ್ದು ಬಿದ್ದಿರಬೇಕು. ಹಿಂದಿನ ಡಿಸೆಂಬರ್‌ನಲ್ಲಿ ನೀರಿನಲ್ಲಿ ಮುಳುಗಿದ್ದ ಮೊಹಲ್ಲಾಗಳವರು ಆ ಬೆಳಕಿನ ಕಂಬಗಳನ್ನು ನೋಡಿ ಏನೆಂದುಕೊಂಡರೋ. ಪಂದ್ಯದ ಮೇಲೆ ಹಣ ಕಟ್ಟುವುದು ಜೂಜು, ಅದು ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಯುರೋಪಿನ ಓಟಗಳಲ್ಲಿ ಗೆದ್ದವರು ಮದ್ಯ ಚಿಮ್ಮಿಸುವ ಪದ್ಧತಿಯೂ ಇದೆ. ಬಹರೈನಿನವರು ಮಾತ್ರ 2004ರಲ್ಲಿ ಓಟ ಆರಂಭಿಸಿದಾಗಿನಿಂದ ಮದ್ಯದ ಬದಲು ಗುಲಾಬಿ ನೀರು, ದಾಳಿಂಬೆ ಬೆರೆಸಿದ ಶರಬತ್ತನ್ನು ಕೊಟ್ಟರು. ಓಡಿಸುವವರು ಅದನ್ನೇ ಚಿಮ್ಮಿಸಿ ಖುಷಿಪಟ್ಟರು. ಯಾರ ವೇಗವೂ ಅದರಿಂದ ಕಡಿಮೆಯಾಗಲಿಲ್ಲ.

ಊರಿಗೆ ಮರಳುವಾಗ ಮೈಸೂರಿನಿಂದ ಬಸ್ಸು ಹಿಡಿದೆ. ಇಲವಾಲ, ಬಿಳಿಕೆರೆ ಕಳೆದು ಹುಣಸೂರು ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದೆ. ಎಮ್ಮೆ ಹೊಡೆದುಕೊಂಡು ಹೋಗುವವರು, ಶಾಲೆ ಬಿಟ್ಟ ಹೆಣ್ಣುಮಕ್ಕಳು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹೊತ್ತ ಟ್ರ್ಯಾಕ್ಟರು, ಟಿಬೆಟಿನ ಭಿಕ್ಷುಗಳನ್ನು ಬೈಲಕುಪ್ಪೆಗೆ ಕರೆದೊಯ್ಯುವ ಜೀಪು. ಈ ರಸ್ತೆಯಲ್ಲಿ ಎಲ್ಲರೂ ಎದುರಿನಿಂದ ಬರುವವರೇ. ನಮ್ಮ ಕಡೆ ಹಳ್ಳಿಗಳಲ್ಲಿ ಎತ್ತಿನಗಾಡಿ ಓಟ ಇಡುವವರೂ ಕೊಯ್ಲು ಮುಗಿದ ಬಯಲು ನೋಡಿ ಹಗ್ಗ ಕಟ್ಟುತ್ತಾರೆ. ಎಚ್.ಡಿ. ಕೋಟೆಯಿಂದ ಮಾನಂದವಾಡಿಗೆ ಹೋಗುವ ಕಾಡಿನ ರಸ್ತೆಯನ್ನು ಆನೆ, ಜಿಂಕೆಗಳ ಜೀವಕ್ಕಾಗಿ ರಾತ್ರಿ ಮುಚ್ಚುತ್ತಾರೆ. ಸರಿಯಾದದ್ದೇ. ನಮ್ಮ ಮಕ್ಕಳ ಜೀವಕ್ಕೆ ಮನೆಯ ಬಾಗಿಲಾದರೂ ಮುಚ್ಚಬಹುದಲ್ಲ ಎನಿಸಿತು.

ತಾಯಂದಿರು ತಿಳಿದಿರಬೇಕಾದ ಒಂದು ಮಾತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಯಿತು. ಅದರಂತೆ ಹದಿನೆಂಟು ತುಂಬದ ಮಗ ವಾಹನ ಓಡಿಸಿ ಅಪರಾಧವಾದರೆ ಪೋಷಕರೇ ಅಥವಾ ವಾಹನದ ಮಾಲಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು, ಆ ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗನಿಗೆ ಇಪ್ಪತ್ತೈದು ವರ್ಷದ ತನಕ ಲೈಸೆನ್ಸು ಸಿಗದು. ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸಿದರೆ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಕೀ ಎಲ್ಲಿ ತೂಗುಹಾಕಿದ್ದೀರಿ ಎಂದು ಇಂದೇ ನೋಡಿಕೊಳ್ಳಿ.

ಆ ಹುಡುಗ ಈಗ ಒಂದು ಗ್ಯಾರೇಜಿನಲ್ಲಿದ್ದಾನೆ. ಕೃತಕ ಕಾಲು ಹಾಕಿಕೊಂಡಿದ್ದಾನೆ. ಸ್ಟೂಲಿನ ಮೇಲೆ ಕುಳಿತೇ ಎಂಜಿನ್ನು ಬಿಚ್ಚುತ್ತಾನೆ, ಕೈ ಕೆಲಸ ಒಳ್ಳೆಯದೆಂದು ಹೆಸರಿದೆ. ಸಂಬಳದಲ್ಲಿ ಒಂದಿಷ್ಟನ್ನು ತಿಂಗಳು ತಿಂಗಳು ಆ ಹಿರಿಯರ ಮನೆಗೆ ಕೊಟ್ಟು ಬರುತ್ತಾನೆಂದು ಅವನ ತಾಯಿ ಹೇಳಿದರು. ಚೆನ್ನೈಯಿಂದ ಬಂದ ವಾರ ನನ್ನ ಸ್ಕೂಟಿಯ ಬ್ರೇಕು ನೋಡಿಸಲು ಅಲ್ಲಿಗೆ ಹೋಗಿದ್ದೆ. ಓಟ ನೋಡಿ ಬಂದೆ ಎಂದು ಹೇಳಲೋ ಬೇಡವೋ ಎಂದು ಹಿಂಜರಿದು ಕೊನೆಗೆ ಹೇಳಿಬಿಟ್ಟೆ. ಅವನು ಸ್ಪ್ಯಾನರ್ ಕೆಳಗಿಟ್ಟ.

"ನಿಜವಾಗ್ಲೂ ನೋಡಿದ್ರಾ ಟೀಚರ್? ಮಳೆ ಬಂದಾಗ ಟೈರು ಬದಲಾಯಿಸಿದ್ರಾ? ಅದು ಎಷ್ಟು ನಿಮಿಷದಲ್ಲಿ ಮಾಡಿದ್ರು?"

ನಾನು ಅದನ್ನು ನೋಡಿರಲಿಲ್ಲ. ಅಣ್ಣನ ಮಗನಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಒಬ್ಬರನ್ನೊಬ್ಬರು ಕಂಡಿರದ ಆ ಇಬ್ಬರು ಹುಡುಗರು ಅರ್ಧ ಗಂಟೆ ಮಾತಾಡಿದರು. ನನ್ನ ಸ್ಕೂಟಿ ಅಲ್ಲೇ ಬಿಚ್ಚಿ ಬಿದ್ದಿತ್ತು.